ಪಿಸಿ ಬಿಟ್ಟು ಕನ್ಸೋಲಿಗೆ ಹೋಗಬೇಕೇ? ನೀರ್ಚಾಲು ಕಡೆಯ ಒಂದು ಮನೆಯ ಪ್ರಕರಣ

2025ರ ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ ಭಾವನ ಫೋನ್ ಬಂತು. ಹೊರಗೆ ಜಡಿಮಳೆ, ಮಾತು ಸರಿಯಾಗಿ ಕೇಳುತ್ತಿರಲಿಲ್ಲ. "ಭಾವ, ಈ ಪಿಸಿ ಸಾಕಾಯ್ತು. ಇದನ್ನು ಕೊಟ್ಟು ಒಂದು ಪಿಎಸ್5 ತರುವ ಅಂತ ಇದ್ದೇನೆ. ನಿಮಗೆ ಎಂತ ಅನಿಸ್ತದೆ?"

ಪಿಎಸ್5 ಎಂದರೆ ಟಿವಿಗೆ ಜೋಡಿಸಿ ಆಟ ಆಡುವ ಸೋನಿಯ ಪೆಟ್ಟಿಗೆ, ಅಂದರೆ ಕನ್ಸೋಲ್. ಭಾವ ಅಂದರೆ ನನ್ನ ಅಕ್ಕನ ಗಂಡ; ನಾವು ಒಬ್ಬರನ್ನೊಬ್ಬರು ಹಾಗೆಯೇ ಕರೆಯುವುದು. 41 ವರ್ಷ. ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ, ಮನೆಯ ಕೆಳಗೆ ಅಡಿಕೆ ತೋಟ. ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಅವರ ಪಿಸಿಯನ್ನು 2017ರಲ್ಲಿ ಜೋಡಿಸಿಕೊಟ್ಟವನೂ ನಾನೇ. ಎಂಟು ವರ್ಷ ಪ್ರೀತಿಯಿಂದ ನೋಡಿಕೊಂಡ ಯಂತ್ರವನ್ನು "ಕೊಟ್ಟುಬಿಡುವ" ಅಂದಾಗ ಮನಸ್ಸಿಗೆ ಸ್ವಲ್ಪ ಚುರುಕ್ಕೆಂದಿತು. ಆ ರಾತ್ರಿ ನಾನು ಕೊಟ್ಟ ಉತ್ತರ ಅವಸರದ್ದು: "ಬೇಡ ಭಾವ, ಬೋರ್ಡು, ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು ಬದಲಿಸುವ. ಇನ್ನು ಐದಾರು ವರ್ಷ ತೊಂದರೆ ಇಲ್ಲ." ಆ ಉತ್ತರ ಪೂರ್ತಿ ಸರಿಯಲ್ಲ ಎಂದು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಅಂಗಡಿಗೆ ಬರುವವರಲ್ಲಿ ಬಹಳ ಜನ ಇದೇ ಪ್ರಶ್ನೆ ಕೇಳುತ್ತಾರೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಈಗ ಮೂವತ್ತು ನಲವತ್ತರ ವಯಸ್ಸಿನವರ ಒಂದು ಇಡೀ ತಲೆಮಾರು ಕಾಲೇಜು ದಿನಗಳಲ್ಲಿ ಕಟ್ಟಿಸಿದ ಪಿಸಿಯನ್ನು ಎದುರಿಗಿಟ್ಟುಕೊಂಡು ಇದನ್ನೇ ಯೋಚಿಸುತ್ತಿದೆ. ಅದಕ್ಕಾಗಿ ಭಾವ ಮತ್ತು ಅಕ್ಕನ ಒಪ್ಪಿಗೆ ಪಡೆದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಯಂತ್ರ ಮತ್ತು ಕೋಣೆ

ಮನೆ ಗುಡ್ಡದ ಇಳಿಜಾರಿನಲ್ಲಿದೆ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಅಡಿಕೆ ಒಣಗಿಸುವ ಅಂಗಳ. ಟಿವಿ ಇರುವುದು ಚಾವಡಿಯಲ್ಲಿ. ಪಿಸಿ ಇರುವುದು ಹಿಂದಿನ ಸಣ್ಣ ಕೋಣೆಯಲ್ಲಿ. ಮೊದಲು ಅಡಿಕೆ ಗೋಣಿ ಇಡುತ್ತಿದ್ದ ಕೋಣೆ ಅದು. ಮೇಜು ಮತ್ತು ಕುರ್ಚಿ ಇಟ್ಟರೆ ಇನ್ನೊಬ್ಬರು ಕೂರುವಷ್ಟು ಜಾಗ ಉಳಿಯುವುದಿಲ್ಲ.

ಯಂತ್ರದ ಜಾತಕ ಹೀಗಿದೆ. ಇಂಟೆಲ್‌ನ 7ನೇ ಪೀಳಿಗೆಯ ಐ5-7400, ನಾನು ಆಮೇಲೆ 16 ಜಿಬಿಗೆ ಏರಿಸಿದ ರ್‍ಯಾಮ್, 4 ಜಿಬಿಯ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್. ಈ ಕಾರ್ಡನ್ನು ನಾನು ಆಗ ಬಹಳ ಮನೆಗಳಿಗೆ ಹಾಕಿದ್ದೇನೆ. 75 ವ್ಯಾಟ್‌ನಲ್ಲಿ ಓಡುತ್ತದೆ, ಪಿಸಿಗೆ ಕರೆಂಟು ಕೊಡುವ ಎಸ್‌ಎಂಪಿಎಸ್‌ನಿಂದ ಬೇರೆ ವಯರು ಬೇಡ. ನಮ್ಮ ಕಡೆಯ ಕರೆಂಟಿಗೂ ಸಾಧಾರಣ ಎಸ್‌ಎಂಪಿಎಸ್‌ಗೂ ಅದು ಹೇಳಿ ಮಾಡಿಸಿದ್ದು. 2024ರ ತುಲಾ ಮಾಸದಲ್ಲಿ (ಅಕ್ಟೋಬರ್-ನವೆಂಬರ್) ಸಿಡಿಲಿಗೆ ಮದರ್‌ಬೋರ್ಡ್ ಹೋಯಿತು. ಸೆಕೆಂಡ್ ಹ್ಯಾಂಡ್ ಬೋರ್ಡ್ ಹುಡುಕಿ ಎರಡು ದಿನದಲ್ಲಿ ಮತ್ತೆ ಎಬ್ಬಿಸಿದೆ.

ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಭಾವನ ಹತ್ತಿರ 160ಕ್ಕೂ ಹೆಚ್ಚು ಆಟ. ಒಂದೊಂದರ ಗಂಟೆಗಳನ್ನು ನೋಡಿದರೆ ಅರ್ಧಕ್ಕಿಂತ ಹೆಚ್ಚು ಆಟಗಳನ್ನು ತೆರೆದೇ ಇಲ್ಲ. ಗಂಟೆಗಳೆಲ್ಲ ಹೋದದ್ದು ಮೂರಕ್ಕೆ: ಏಜ್ ಆಫ್ ಎಂಪೈರ್ಸ್ 2, ಕೌಂಟರ್-ಸ್ಟ್ರೈಕ್, ಯೂರೋ ಟ್ರಕ್ ಸಿಮ್ಯುಲೇಟರ್ 2. ಇವುಗಳ ಹೊರಗೆ ಫುಟ್‌ಬಾಲ್. ಕಾಸರಗೋಡು ಜಿಲ್ಲೆಯಲ್ಲಿ ಹುಟ್ಟಿದವನಿಗೆ ಫುಟ್‌ಬಾಲ್ ಹುಚ್ಚು ಹೇಗೆ ಹತ್ತುತ್ತದೆ ಎಂದು ವಿವರಿಸಬೇಕಾಗಿಲ್ಲ. ಕಾಲೇಜಿನ ಮೂವರು ಗೆಳೆಯರ ಜೊತೆ ಆಟ. ದುಬೈ ಮತ್ತು ದೋಹಾದಲ್ಲಿರುವ ಇಬ್ಬರ ಜೊತೆ ಫುಟ್‌ಬಾಲ್, ಬೆಂಗಳೂರಿನವನ ಜೊತೆ ಕೌಂಟರ್-ಸ್ಟ್ರೈಕ್.

ಭಾವ ಹೇಳಿದ ಕಾರಣಗಳು

ಮರುದಿನ ಅಂಗಡಿಗೇ ಬಂದರು. ಕಾರಣಗಳನ್ನು ಲೆಕ್ಕಿಗರ ಹಾಗೆ ಚೀಟಿಯಲ್ಲಿ ಬರೆದು ತಂದಿದ್ದರು.

ಒಂದನೆಯದು ವಿಂಡೋಸ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್‌ನಲ್ಲಾದರೆ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಮೇಲಿನ ಪ್ರೊಸೆಸರ್ ಬೇಕು. ಭಾವನದು 7ನೆಯದು, ಒಂದೇ ಒಂದು ಮೆಟ್ಟಿಲು ಕೆಳಗೆ. ಅದರ ಮೇಲೆ ಆ ಕಾರ್ಡಿನ ಕಂಪೆನಿ ಎನ್‌ವಿಡಿಯಾದವರು 1050 ಟಿಐ ಸೇರಿದ ಪೀಳಿಗೆಗೆ ಹೊಸ ಆಟಗಳಿಗಾಗಿ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು ಅದೇ ಅಕ್ಟೋಬರಿಗೆ ನಿಲ್ಲಿಸುವುದಾಗಿ ಹೇಳಿದ್ದರು. "ಎರಡೂ ಕಡೆಯಿಂದ ಒಟ್ಟಿಗೆ ಬಾಗಿಲು ಹಾಕಿದ ಹಾಗೆ ಆಯ್ತಲ್ಲ ಭಾವ" ಅಂದರು.

ಇದು ಹೆದರಿಸುವಷ್ಟು ಗಟ್ಟಿಯಾದ ಬಾಗಿಲಲ್ಲ. ಮನೆಬಳಕೆಯವರಿಗೆ ಮೈಕ್ರೋಸಾಫ್ಟ್ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವ ದಾರಿ ಇಟ್ಟಿದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿಕೊಂಡರೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಎನ್‌ವಿಡಿಯಾ ಕೂಡ ಆ ಹಳೆಯ ಕಾರ್ಡುಗಳಿಗೆ ಭದ್ರತೆಯ ಪರಿಷ್ಕರಣೆಯನ್ನು 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಹೇಳಿದೆ. ಆಡುತ್ತಿರುವ ಹಳೆಯ ಆಟಗಳು ನಿಲ್ಲುವುದಿಲ್ಲ. ಅಂದರೆ ಭಾವ ಹಿಡಿದುಕೊಂಡ ಗಡುವು ನಿಜವಾದ ಗಡುವಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆ ತಿಂಗಳುಗಳಲ್ಲಿ ಇದೊಂದೇ ಹೆದರಿಕೆಗೆ ಸಾಲ ಮಾಡಿ ಹೊಸ ಪಿಸಿ ಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ಗೆಳೆಯರು. ದುಬೈಯವನೂ ದೋಹಾದವನೂ ಪಿಎಸ್5ಕ್ಕೆ ಹೋಗಿ ಆಗಿತ್ತು. ಗಲ್ಫಿನಲ್ಲಿ ನಾಲ್ಕು ಜನ ಹಂಚಿಕೊಂಡ ಕೋಣೆಯಲ್ಲಿ ಪಿಸಿ ಮೇಜು ಎಲ್ಲಿ ಇಡುವುದು? ಕಪಾಟಿನ ಮೇಲೆ ಒಂದು ಪೆಟ್ಟಿಗೆ, ಅಷ್ಟೇ. "ನೀನೂ ಬಾ ಮಾರಾಯ" ಎಂದು ಇಬ್ಬರೂ ಪೀಡಿಸುತ್ತಿದ್ದರು. ಆದರೆ ಅವರು ಒಟ್ಟಿಗೆ ಆಡುವ ಫುಟ್‌ಬಾಲ್ ಆಟದಲ್ಲಿ ಕ್ರಾಸ್-ಪ್ಲೇ ಇದೆ. ಪಿಸಿಯವನೂ ಪಿಎಸ್5ನವನೂ ಒಂದೇ ಪಂದ್ಯ ಆಡಬಹುದು. ಇಎ ಸ್ಪೋರ್ಟ್ಸ್ ಎಫ್‌ಸಿ 24 ಬಂದ ಮೇಲೆ ಕ್ಲಬ್ಸ್ ಎಂಬ ಗುಂಪಿನ ಆಟಕ್ಕೂ ಅದು ಬಂದಿದೆ. ಆಡುತ್ತಾ ಮಾತಾಡಲು ಡಿಸ್ಕಾರ್ಡ್ ಎಂಬ ಆ್ಯಪ್ 2023ರಿಂದ ಪಿಎಸ್5ರಲ್ಲೂ ಇದೆ. ಗೆಳೆಯರಿಗಾಗಿ ಪೆಟ್ಟಿಗೆ ಬದಲಿಸಬೇಕಾಗಿಲ್ಲ. ಕೌಂಟರ್-ಸ್ಟ್ರೈಕ್‌ನ ಕಥೆ ತಿರುಗಾ ಮುರುಗಾ. 2023ರ ಸೆಪ್ಟೆಂಬರಿನಲ್ಲಿ ಹಳೆಯ ಆವೃತ್ತಿಯ ಜಾಗಕ್ಕೆ ಎರಡನೆಯದು ಬಂತು, ಅದು ಪಿಸಿಯಲ್ಲಿ ಮಾತ್ರ. ಕನ್ಸೋಲಿಗೆ ಹೋದರೆ ಬೆಂಗಳೂರಿನ ಗೆಳೆಯನ ಜೊತೆಗಿನ ಆಟ ತಪ್ಪುತ್ತದೆ.

ಮೂರನೆಯದು ದುಡ್ಡು. ನಾನು ಹೇಳಿದ ಹೊಸ ಸಾಮಾನಿಗೆ, ಮಾನಿಟರ್ ಹಳೆಯದೇ ಇಟ್ಟುಕೊಂಡರೂ, 80,000 ರೂಪಾಯಿ ಹತ್ತಿರ ಬರುತ್ತಿತ್ತು. ಡಿಸ್ಕ್ ಹಾಕುವ ಪಿಎಸ್5 ಆಗ ಸುಮಾರು 55,000. ಈ ಪೆಟ್ಟಿಗೆ 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದಾಗ 49,990 ಇತ್ತು. ಮೊದಲಿನ ಕನ್ಸೋಲ್‌ಗಳು ವರ್ಷ ಹೋದಂತೆ ಅಗ್ಗವಾಗುತ್ತಿದ್ದವು, ಇದು ಏರಿದೆ. "ಇನ್ನೆರಡು ವರ್ಷ ಕಾದರೆ ಇಳಿಯುತ್ತದೆ" ಎಂಬ ಹಳೆಯ ಉಪಾಯ ಇದಕ್ಕೆ ನಡೆಯುವುದಿಲ್ಲ. ಹೊಸ ದೊಡ್ಡ ಆಟಗಳ ಬೆಲೆ ಆಗ 4,999ರವರೆಗೂ ಹೋಗುತ್ತಿತ್ತು. ದುಡ್ಡು ಕೊಟ್ಟು ಕೊಂಡ ಆಟವನ್ನೂ ಇಂಟರ್‌ನೆಟ್‌ನಲ್ಲಿ ಇತರರ ಜೊತೆ ಆಡಬೇಕಾದರೆ ಪಿಎಸ್ ಪ್ಲಸ್ ಚಂದಾ ಬೇರೆ. ಪಿಸಿಯಲ್ಲಿ ಅದಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಎಂದು ಹಿಡಿದು, ಇನ್ನೊಂದು ಕಂಟ್ರೋಲರಿನ ಆರು ಸಾವಿರ ಸೇರಿಸಿ, ಐದು ವರ್ಷಕ್ಕೆ ಕೂಡಿಸಿದೆವು: 81,000. ಎರಡೂ ಒಂದೇ. ಭಾವ ಚೀಟಿಯನ್ನು ನೋಡಿ ಸುಮ್ಮನೆ ಕೂತರು.

ನಾಲ್ಕನೆಯದು ಕರೆಂಟು ಬಿಲ್ಲು, ಇದನ್ನು ಬೇಗ ಮುಗಿಸಬಹುದು. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ. ವಾರಕ್ಕೆ ಹತ್ತು ಗಂಟೆ ಆಡಿದರೆ ಎರಡು ಯೂನಿಟ್. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಹದಿನೆಂಟು ಯೂನಿಟ್ ದಾಟುವುದಿಲ್ಲ. ಬಾವಿಯ ಪಂಪು ಇದಕ್ಕಿಂತ ಎಷ್ಟೋ ಹೆಚ್ಚು ತಿನ್ನುತ್ತದೆ.

ಹೀಗೆ ನಾಲ್ಕು ಕಾರಣವೂ ಅರ್ಧಂಬರ್ಧ ಕಳಚಿದವು. ಆದರೂ ಭಾವನ ಮುಖದಲ್ಲಿ "ಹಾಗಾದರೆ ಪಿಸಿಯೇ ಇರಲಿ" ಎನ್ನುವ ಸಮಾಧಾನ ಕಾಣಲಿಲ್ಲ. ಹೇಳದೆ ಉಳಿದ ಕಾರಣ ಯಾವುದೋ ಇದೆ ಎಂದು ನನಗೆ ಅನಿಸಿದ್ದು ಆಗ.

ಪುಸ್ತಕದ ನಾಲ್ಕನೇ ಸಾಲು

ನಾನು ಒಂದು ಕೆಲಸ ಹೇಳಿದೆ. ಮೂರು ವಾರ ಒಂದು ಪುಸ್ತಕದಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಕೂತಿರಿ, ಎಷ್ಟು ಹೊತ್ತು ಆಡಿದಿರಿ, ಎಷ್ಟು ಹೊತ್ತು ಯಂತ್ರದ ಉಪಚಾರಕ್ಕೆ ಹೋಯಿತು, ಕೋಣೆಯಲ್ಲಿ ಜೊತೆಗೆ ಯಾರಿದ್ದರು. ಲೆಕ್ಕ ಇಡುವುದು ಅವರ ಕಸುಬೇ ಆದ ಕಾರಣ ಅಚ್ಚುಕಟ್ಟಾಗಿ ಬರೆದಿದ್ದರು.

ಇಪ್ಪತ್ತೊಂದು ರಾತ್ರಿಗಳಲ್ಲಿ ಹದಿಮೂರು ರಾತ್ರಿ ಕೂತದ್ದು. ಒಟ್ಟು ಹತ್ತೊಂಬತ್ತು ಗಂಟೆ. ಅದರಲ್ಲಿ ಆರು ಗಂಟೆ ಅಪ್‌ಡೇಟು, ಡ್ರೈವರು, ಆಟ ತೆರೆಯದೆ ಹೋದದ್ದನ್ನು ಸರಿಮಾಡಿದ್ದು. ಒಂದು ರಾತ್ರಿ ಒಂಬತ್ತೂವರೆಗೆ ಕೂತು, ಹತ್ತೂಮುಕ್ಕಾಲಿಗೆ ಎದ್ದು ಮಲಗಿದ್ದಾರೆ, ಆಟ ಶುರುವಾಗಲೇ ಇಲ್ಲ. ಕೌಂಟರ್-ಸ್ಟ್ರೈಕಿನ ಹಳೆಯ ಆವೃತ್ತಿ ಆ ಕಾರ್ಡಿನಲ್ಲಿ ನೀರು ಹರಿದ ಹಾಗೆ ಓಡುತ್ತಿತ್ತು, ಹೊಸದು ಮುಗ್ಗರಿಸುತ್ತಿತ್ತು. ಅದನ್ನು ಸರಿದೂಗಿಸಲು ಒಂದೊಂದೇ ಸೆಟ್ಟಿಂಗ್ ಇಳಿಸುತ್ತಾ ಕೂರುವುದೇ ಒಂದು ಕೆಲಸವಾಗಿತ್ತು. ಇಪ್ಪತ್ತೈದರ ವಯಸ್ಸಿನಲ್ಲಿ ಇದೂ ಆಟದ ಭಾಗವೇ. ನನಗೆ ಈಗಲೂ ಅದು ಖುಷಿ ಕೊಡುತ್ತದೆ. ಹಗಲಿಡೀ ಲೆಡ್ಜರು, ಸಂಜೆ ತೋಟ ಮುಗಿಸಿ ಬಂದವರಿಗೆ ಸಿಕ್ಕುವ ಒಂದೂವರೆ ಗಂಟೆಯಲ್ಲಿ ಮೂರರ ಒಂದು ಪಾಲು ಹೀಗೆ ಹೋದರೆ ಬೇಸರ ಬಾರದೆ ಇರುತ್ತದೆಯೇ?

ಆದರೆ ನನ್ನ ಕಣ್ಣು ನಿಂತದ್ದು ನಾಲ್ಕನೇ ಸಾಲಿನಲ್ಲಿ. "ಜೊತೆಗೆ ಯಾರು" ಎಂಬಲ್ಲಿ ಹತ್ತು ರಾತ್ರಿ "ಯಾರೂ ಇಲ್ಲ" ಎಂದಿತ್ತು. ಒಂದು ರಾತ್ರಿಯ ಎದುರು ಬೇರೆ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, "ನಾನು ಬಾಗಿಲ ಹತ್ತಿರ ಇದ್ದೆ" ಎಂದು ಬರೆದಿತ್ತು. ಅದು ಅಕ್ಕನ ಮಗಳ ಅಕ್ಷರ. ಅವಳಿಗೆ ಎಂಟು ವರ್ಷ. ಆ ಕೋಣೆಯಲ್ಲಿ ಎರಡನೇ ಕುರ್ಚಿಗೆ ಜಾಗ ಇಲ್ಲ ಎಂದು ಮೊದಲೇ ಹೇಳಿದೆ.

ಪುಸ್ತಕ ಭಾವನಿಗೆ ಹಿಂದೆ ಕೊಡುವಾಗ ಆ ಸಾಲನ್ನು ತೋರಿಸಿದೆ. "ನಾನು ನೋಡಿದ್ದೇನೆ" ಅಂದರು. ಬೇರೆ ಏನೂ ಹೇಳಲಿಲ್ಲ.

ಪುಕ್ಕಟೆಯ ಪ್ರಯೋಗಗಳು

ಕೂರುವ ಜಾಗವೇ ತೊಂದರೆಯಾದರೆ ಅದಕ್ಕೆ 55,000 ಯಾಕೆ? ಮೊದಲು ಪಿಸಿಯನ್ನೇ ಚಾವಡಿಗೆ ತಂದು ನೋಡುವ ಅಂದೆ. ಆಗಸ್ಟಿನಲ್ಲಿ ಕ್ಯಾಬಿನೆಟ್ ಹೊತ್ತು ತಂದು ಟಿವಿಗೆ ಎಚ್‌ಡಿಎಂಐ ವಯರು ಕೊಟ್ಟು, ನನ್ನ ಹತ್ತಿರದ ಎರಡು ಹಳೆಯ ಕಂಟ್ರೋಲರ್ ಹಾಕಿಕೊಟ್ಟೆ. ಇಟ್ ಟೇಕ್ಸ್ ಟೂ ಎಂಬ ಆಟ ಭಾವನ ಸ್ಟೀಮ್‌ನಲ್ಲಿ ತೆರೆಯದೆ ಬಿದ್ದಿತ್ತು. 2021ರದ್ದು, ಇಬ್ಬರೇ ಆಡಬೇಕಾದದ್ದು, ಒಬ್ಬರಿಗೆ ಆಡಲು ಬರುವುದೇ ಇಲ್ಲ. ಅಪ್ಪ-ಮಗಳು ಮೊದಲ ಸಂಜೆಯೇ ಎರಡು ಗಂಟೆ ಕೂತರು. ಕಾರ್ಡು ಹಳೆಯದಾದರೂ ಆಟ ಚೆನ್ನಾಗಿಯೇ ಓಡಿತು. ಅಕ್ಕ ಅಡುಗೆಮನೆಯಿಂದ ಬಂದು ನೋಡುತ್ತಾ ನಿಂತಳು.

ಆದರೆ ಬ್ಯಾಂಕಿನ ಕೆಲಸಕ್ಕೆ, ಮಗಳ ಶಾಲೆಯ ಪ್ರಿಂಟಿಗೆ ಪಿಸಿ ಮತ್ತೆ ಮೇಜಿಗೆ ಹೋಗಬೇಕು. ವಾರದಲ್ಲಿ ನಾಲ್ಕು ಸಲ ಹೊತ್ತು ತಿರುಗಿದರೆ ಎಂಟು ವರ್ಷದ ಬೋರ್ಡು ಎಷ್ಟು ದಿನ ತಾಳೀತು?

ಇನ್ನೊಂದು ದಾರಿ ಇತ್ತು. ಆಂಡ್ರಾಯ್ಡ್ ಟಿವಿಯಲ್ಲಿ ಸ್ಟೀಮ್ ಲಿಂಕ್ ಎಂಬ ಉಚಿತ ಆ್ಯಪ್ ಹಾಕಿದರೆ, ಪಿಸಿ ಕೋಣೆಯಲ್ಲೇ ಇದ್ದು ಆಟದ ಚಿತ್ರ ಮಾತ್ರ ಟಿವಿಗೆ ಬರುತ್ತದೆ. ವೈಫೈಯಲ್ಲಿ ಆಗಲಿಲ್ಲ. ಎರಡು ಮುರಕಲ್ಲಿನ ಗೋಡೆ ದಾಟುವಾಗ ಸಿಗ್ನಲ್ ಸೋತು, ಗುಂಡಿ ಒತ್ತಿದ ಮೇಲೆ ಯೋಚಿಸಿ ಜಿಗಿದ ಹಾಗೆ ಕಾಣುತ್ತಿತ್ತು. ಇಪ್ಪತ್ತು ಮೀಟರು ಲ್ಯಾನ್ ಕೇಬಲ್ ಎಳೆದಾಗ ಸರಿಯಾಯಿತು. ಕೆಲವು ನೂರು ರೂಪಾಯಿಯಲ್ಲಿ ಪ್ರಕರಣ ಮುಗಿಯಿತು ಎಂದುಕೊಂಡೆ. ಬಯಲುಸೀಮೆಯ ಮನೆಯಾಗಿದ್ದರೆ ಬಹುಶಃ ಮುಗಿಯುತ್ತಿತ್ತು. ಇಲ್ಲಿ ಸಿಡಿಲಿದೆ.

ಸಿಡಿಲಿನ ವಿಚಾರ

ಪಿಸಿ ಮೇಲೋ ಕನ್ಸೋಲ್ ಮೇಲೋ ಎಂದು ಬರೆಯುವವರು ಯಾರೂ ಇದನ್ನು ಹೇಳುವುದಿಲ್ಲ, ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮಲ್ಲಿ ಮುಂಗಾರಿನ ಮಳೆ ಎಷ್ಟು ಜೋರಾದರೂ ಯಂತ್ರಗಳನ್ನು ಕೊಲ್ಲುವುದು ಕಡಿಮೆ. ಕೊಲ್ಲುವುದು ಏಪ್ರಿಲ್-ಮೇಯ ಸಂಜೆ ಮಳೆ, ಆಮೇಲೆ ತುಲಾ ಮಾಸದ ಗುಡುಗು. ಮಧ್ಯಾಹ್ನ ಬಿಸಿಲು, ಮೂರು ನಾಲ್ಕು ಗಂಟೆಗೆ ಮೂಡಣ ಗುಡ್ಡದ ಕಡೆ ಕಪ್ಪಾಗುವುದು, ಐದಕ್ಕೆ ಸಿಡಿಲು. ನವೆಂಬರಿನಲ್ಲಿ ನನ್ನ ಅಂಗಡಿಯ ಮೇಜು ನೋಡಿದವರಿಗೆ ಇದು ಗೊತ್ತು: ಸಾಲಾಗಿ ಸತ್ತ ರೂಟರು, ಸೆಟ್‌ಟಾಪ್ ಬಾಕ್ಸು, ಮದರ್‌ಬೋರ್ಡು.

ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಉದ್ದದ ತಾಮ್ರದ ತಂತಿಗಳಲ್ಲಿ ಒಮ್ಮೆಲೆ ಹೆಚ್ಚು ವೋಲ್ಟೇಜು ಹುಟ್ಟುತ್ತದೆ. ಕರೆಂಟಿನ ಲೈನು ಒಂದು ದಾರಿ. ಡಿಶ್‌ನಿಂದ ಇಳಿಯುವ ಕೇಬಲು ಇನ್ನೊಂದು. ರೂಟರಿನಿಂದ ಹೋಗುವ ಲ್ಯಾನ್ ವಯರು ಮತ್ತೊಂದು. ಫೈಬರಿನ ಗಾಜಿನೆಳೆಯಲ್ಲಿ ಅದು ಬರುವುದಿಲ್ಲ, ಆದರೆ ರೂಟರಿನ ಅಡಾಪ್ಟರಿನಲ್ಲಿ ಬರುತ್ತದೆ. 2024ರಲ್ಲಿ ಭಾವನ ಪಿಸಿ ಸತ್ತದ್ದು ಹಾಗೆಯೇ. ಪಿಸಿಯ ಪ್ಲಗ್ಗನ್ನು ತೆಗೆದಿದ್ದರು, ಲ್ಯಾನ್ ವಯರು ಬಿಟ್ಟಿದ್ದರು. ಅಡಾಪ್ಟರಿನಿಂದ ರೂಟರಿಗೆ, ರೂಟರಿನಿಂದ ಲ್ಯಾನ್ ಪೋರ್ಟಿಗೆ, ಅಲ್ಲಿಂದ ಬೋರ್ಡಿಗೆ. ಈಗ ನಾನೇ ಇನ್ನೊಂದು ಇಪ್ಪತ್ತು ಮೀಟರು ತಾಮ್ರವನ್ನು ಟಿವಿವರೆಗೆ ಎಳೆದುಕೊಟ್ಟಿದ್ದೆ. ಮನೆಗೆ ಹೋಗಿ ಅದನ್ನು ಬಿಚ್ಚಿ ತಂದೆ.

ಕನ್ಸೋಲ್ ಈ ವಿಷಯದಲ್ಲಿ ಪಿಸಿಗಿಂತ ಸುರಕ್ಷಿತ ಎಂದು ಭಾವ ತಿಳಿದಿದ್ದರು. ಹಾಗಲ್ಲ. ಅದು ಕೂರುವುದು ಟಿವಿಯ ಹತ್ತಿರ. ಟಿವಿಗೆ ಸೆಟ್‌ಟಾಪ್ ಬಾಕ್ಸು, ಬಾಕ್ಸಿಗೆ ಮಾಡಿನ ಮೇಲಿನ ಡಿಶ್ಶು. ಡಿಶ್ಶಿನಿಂದ ಬಂದದ್ದು ಎಚ್‌ಡಿಎಂಐ ಮೂಲಕ ಟಿವಿಗೆ, ಟಿವಿಯಿಂದ ಇನ್ನೊಂದು ಎಚ್‌ಡಿಎಂಐ ಮೂಲಕ ಕನ್ಸೋಲಿಗೆ. ಹಿಂದಿನ ಕೋಣೆಯ ಪಿಸಿಗಿಂತ ಚಾವಡಿಯ ಕನ್ಸೋಲಿಗೆ ಅಪಾಯದ ದಾರಿ ಒಂದು ಹೆಚ್ಚು. ಪಿಸಿಯ ಪವರ್ ವಯರಿಗೆ ಅರ್ತಿನ ಮೂರನೇ ಪಿನ್ನಿದೆ. ಪಿಎಸ್5ಕ್ಕೆ ಬರುವುದು ಟೇಪ್ ರೆಕಾರ್ಡರಿನ ಹಾಗೆ ಎರಡೇ ಎಳೆಯ ವಯರು. ಇನ್ನು ಪಿಸಿಯಲ್ಲಿ ಸುಟ್ಟದ್ದು ಬೋರ್ಡಾದರೆ ಬೋರ್ಡು, ಎಸ್‌ಎಂಪಿಎಸ್ ಆದರೆ ಎಸ್‌ಎಂಪಿಎಸ್, ಬಿಡಿಬಿಡಿಯಾಗಿ ಬದಲಿಸಬಹುದು. ಕನ್ಸೋಲಿನಲ್ಲಿ ಮುಖ್ಯವಾದದ್ದು ಬಹುತೇಕ ಒಂದೇ ಹಲಗೆಯಲ್ಲಿ. ಎಚ್‌ಡಿಎಂಐ ಪೋರ್ಟನ್ನು ಬೆಸುಗೆ ಬಿಚ್ಚಿ ಬದಲಿಸಲು ನುರಿತ ಕೈ ಬೇಕು. ನಾನು ಆ ಕೆಲಸ ಮಾಡುವುದಿಲ್ಲ, ಮಂಗಳೂರಿಗೋ ಅದಕ್ಕಿಂತ ದೂರಕ್ಕೋ ಕಳುಹಿಸಬೇಕು.

ಇದನ್ನೆಲ್ಲ ಹೇಳಿದ ಮೇಲೆ ಭಾವ ಕೇಳಿದ ಪ್ರಶ್ನೆ ಸರಿಯಾದದ್ದು: "ಹಾಗಾದರೆ ಯಾವುದು ತಂದರೂ ಮೊದಲು ಮನೆಯ ಕರೆಂಟು ಸರಿ ಮಾಡಬೇಕಲ್ಲ?"

ಅದನ್ನೇ ಮಾಡಿದೆವು. ಮುರಕಲ್ಲಿನ ಗುಡ್ಡದಲ್ಲಿ ಅರ್ತಿಂಗ್ ಸರಿಯಾಗಿ ಸಿಕ್ಕುವುದಿಲ್ಲ, ಬೇಸಗೆಯಲ್ಲಂತೂ ಮಣ್ಣು ಒಣಗಿ ಹೆಸರಿಗೆ ಮಾತ್ರ ಇರುತ್ತದೆ. ಎಲೆಕ್ಟ್ರಿಷಿಯನ್ನಿಗೆ ಹೇಳಿ, ಬಟ್ಟಲು ತೊಳೆಯುವ ನೀರು ಹರಿದು ಸದಾ ತೇವ ಇರುವ ಕಡೆ ಹೊಸ ಅರ್ತ್ ಹೊಂಡ ತೆಗೆಸಿ, ಇದ್ದಿಲು ಉಪ್ಪು ತುಂಬಿಸಿದೆವು. ಮೈನ್ ಬೋರ್ಡಿನಲ್ಲಿ ಸರ್ಜ್ (ಒಮ್ಮೆಲೆ ಏರುವ ವೋಲ್ಟೇಜು) ತಡೆಯುವ ಸಾಧನ ಹಾಕಿಸಿದೆವು. ಕೂಲಿ ಸೇರಿ ಒಂಬತ್ತು ಸಾವಿರ. ಮನೆಯ ಇನ್ವರ್ಟರು ಇಕೋ ಮೋಡಿನಲ್ಲಿತ್ತು. ಕರೆಂಟು ಹೋದಾಗ ಫ್ಯಾನಿಗೆ ಗೊತ್ತಾಗದಷ್ಟು ಸಣ್ಣ ಅಂತರ, ಆದರೆ ಪಿಸಿ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಹಿಂದುಗಡೆಯ ಸ್ವಿಚ್ಚನ್ನು ಯುಪಿಎಸ್ ಮೋಡಿಗೆ ತಿರುಗಿಸಿದೆ. ಇಷ್ಟು ವರ್ಷ ಇದನ್ನು ಯಾಕೆ ನೋಡಲಿಲ್ಲವೋ ಎಂದು ನನಗೇ ಬೇಸರವಾಯಿತು.

ಚೌತಿಯಿಂದ ಓಣಂ ರಜೆಯವರೆಗೆ

ಆಗಸ್ಟ್ 27ರ ಚೌತಿಗೆ ಭಾವನ ತಮ್ಮ ಬೆಂಗಳೂರಿನಿಂದ ಬಂದರು. ಅವರ ಹತ್ತಿರ ಪಿಎಸ್5 ಇತ್ತು. "ಕೊಳ್ಳುವ ಮೊದಲು ಹತ್ತು ದಿನ ಇಟ್ಟು ನೋಡಣ್ಣ" ಎಂದು ಬಿಟ್ಟು ಹೋದರು. ಶಾಲೆಗೆ ಓಣಂ ರಜೆ. ಇಂಥ ಅವಕಾಶ ಎಲ್ಲರಿಗೂ ಸಿಗುವುದಿಲ್ಲ, ಆದರೆ ನೆಂಟರಲ್ಲಿ ಗೆಳೆಯರಲ್ಲಿ ಕೇಳಿದರೆ ಒಂದು ವಾರಕ್ಕೆ ಕೊಡುವವರು ಸಿಕ್ಕಾರು. ಅಂಗಡಿಯಲ್ಲಿ ಹತ್ತು ನಿಮಿಷ ನೋಡುವುದಕ್ಕೂ ಮನೆಯಲ್ಲಿ ಹತ್ತು ದಿನ ಇಟ್ಟುಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲ ವಿಷಯ, ಗುಂಡಿ ಒತ್ತಿದರೆ ಆಟ. ಪುಸ್ತಕದ ಮೂರನೇ ಸಾಲು ಬಹುತೇಕ ಖಾಲಿಯಾಯಿತು. ಅಪ್‌ಡೇಟು ಇಲ್ಲವೆಂದಲ್ಲ, ಭಾವನನ್ನು ಏನೂ ಕೇಳದೆ ತಾನೇ ಮುಗಿಸಿಕೊಳ್ಳುತ್ತಿತ್ತು. ಎರಡನೆಯದು, ಅದರೊಳಗೇ ಬರುವ ಆಸ್ಟ್ರೋಸ್ ಪ್ಲೇರೂಮ್ ಎಂಬ ಆಟಕ್ಕೆ ಮಗಳು ಅಂಟಿಕೊಂಡಳು. ನಾಲ್ಕನೇ ದಿನ ಅಕ್ಕನೂ ಕಂಟ್ರೋಲರ್ ಹಿಡಿದಳು. ಬಾಗಿಲ ಹತ್ತಿರ ನಿಲ್ಲಬೇಕಾದವರು ಯಾರೂ ಇರಲಿಲ್ಲ.

ಸೋಲುಗಳೂ ಸ್ಪಷ್ಟವಾಗಿದ್ದವು. ಏಜ್ ಆಫ್ ಎಂಪೈರ್ಸ್ 2 ಆ ವರ್ಷವೇ ಮೇಯಲ್ಲಿ ಪಿಎಸ್5ಕ್ಕೆ ಬಂದಿತ್ತು. ತಮ್ಮನ ಖಾತೆಯಲ್ಲಿ ಇತ್ತು. ಭಾವ ಎರಡು ರಾತ್ರಿ ಕಂಟ್ರೋಲರಿನಲ್ಲಿ ಆಡಿ ಕೈಬಿಟ್ಟರು. ಇಪ್ಪತ್ತು ವರ್ಷ ಮೌಸಿನಲ್ಲಿ ಪಳಗಿದ ಕೈ ಅದು. ಯೂರೋ ಟ್ರಕ್‌ಗೆ ಅವರು ಹಾಕಿಕೊಂಡ ಮಾಡ್‌ಗಳು (ಆಡುವವರೇ ಮಾಡಿದ ಸೇರ್ಪಡೆಗಳು), ನಮ್ಮ ಕಡೆಯ ಸರ್ಕಾರಿ ಬಸ್ಸಿನ ಬಣ್ಣ ಹಚ್ಚಿದ ಬಸ್ಸುಗಳು, ಹೈವೇಯಲ್ಲಿ ಹಾರ್ನ್ ಹೊಡೆದುಕೊಂಡು ಹೋಗುವ ಆ ಸಂತೋಷ ಪಿಸಿಯಲ್ಲಿ ಮಾತ್ರ. 160 ಆಟಗಳಲ್ಲಿ ಒಂದೂ ಜೊತೆಗೆ ಬರುವುದಿಲ್ಲ.

ಇನ್ನೆರಡು ವಿಷಯ ನಮ್ಮ ಊರಿನಲ್ಲೇ ಗೊತ್ತಾಗುವಂಥದ್ದು. ಪೂರ್ತಿ ಆಫ್ ಮಾಡದೆ ರೆಸ್ಟ್ ಮೋಡಿನಲ್ಲಿ ಬಿಟ್ಟರೆ ಆಟ ನಿಂತಲ್ಲಿಂದಲೇ ಮುಂದುವರಿಯುತ್ತದೆ ಎಂದು ಎಲ್ಲರೂ ಹೊಗಳುತ್ತಾರೆ. ಕರೆಂಟು ಹೋಗಿ ಬರುವ ಮನೆಯಲ್ಲಿ, ಕಪ್ಪು ಮೋಡ ಕಂಡೊಡನೆ ಪ್ಲಗ್ ಎಳೆಯುವ ಮನೆಯಲ್ಲಿ ಅದನ್ನು ನಂಬಲಾಗದು, ಪ್ಲಗ್ ತೆಗೆದರೆ ಉಳಿದದ್ದು ಹೋಯಿತು. ಆಟವನ್ನು ಉಳಿಸಿ, ಪೂರ್ತಿ ಆಫ್ ಮಾಡುವ ಅಭ್ಯಾಸವೇ ಬೇಕು. ಮತ್ತೊಂದು ಡಿಸ್ಕಿನ ಪ್ರಶ್ನೆ. ಮನೆಯದು 30 ಎಂಬಿಪಿಎಸ್ ಫೈಬರು. 100 ಜಿಬಿಯ ಆಟ ಇಳಿಯಲು ಎಲ್ಲ ಸರಿ ಇದ್ದರೂ ಏಳೂವರೆ ಗಂಟೆ. ಮರ ಬಿದ್ದು ಫೈಬರು ತುಂಡಾದರೆ ಎರಡು ದಿನ. ಡಿಸ್ಕ್ ಇದ್ದರೆ ಹೆಚ್ಚಿನ ಭಾಗ ಅದರಿಂದಲೇ ಬರುತ್ತದೆ, ಆಡಿ ಮುಗಿದ ಮೇಲೆ ಅರ್ಧ ಬೆಲೆಗಾದರೂ ಕೊಡಬಹುದು. ಹಾಗಾಗಿ ಡಿಸ್ಕ್ ಇಲ್ಲದ ಅಗ್ಗದ ಮಾದರಿ ಬೇಡ ಎಂಬುದರಲ್ಲಿ ನಮಗೆ ಎರಡು ಮಾತಿರಲಿಲ್ಲ.

ತೀರ್ಮಾನ

ಅಕ್ಟೋಬರಿನ ಗಡುವು ಬಂದು ಹೋಯಿತು. ವಿಂಡೋಸ್ 10ಕ್ಕೆ ಒಂದು ವರ್ಷದ ವಿಸ್ತರಣೆ ಹಾಕಿಕೊಟ್ಟೆ. ತುಲಾ ಮಾಸ ಕಳೆಯುವವರೆಗೆ ಏನನ್ನೂ ಕೊಳ್ಳುವುದು ಬೇಡ ಎಂದು ಅಕ್ಕ ಹೇಳಿದಳು. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದಿತ್ತು, ಬಿಡುವಿಲ್ಲದ ಮಳೆಗೆ ತೋಟದಲ್ಲಿ ಕೊಳೆರೋಗ. ಮದ್ದು ಬಿಡುವ ಖರ್ಚೇ ದೊಡ್ಡದಾಗಿತ್ತು. ಅವಳ ಷರತ್ತು ಇನ್ನೆರಡು: ಪೆಟ್ಟಿಗೆ ಚಾವಡಿಯಲ್ಲೇ ಇರಬೇಕು, ಹಿಂದಿನ ಕೋಣೆಗೆ ಹೋಗಕೂಡದು. ರಾತ್ರಿ ಹತ್ತಕ್ಕೆ ಆಫ್.

ಡಿಸೆಂಬರಿನಲ್ಲಿ ಡಿಸ್ಕ್ ಹಾಕುವ ಪಿಎಸ್5 ಬಂತು. ಪಿಸಿಯನ್ನು ಮಾರಲಿಲ್ಲ, ಮಾರಿದ್ದರೂ ಆ ಕಾಲದ ಯಂತ್ರಕ್ಕೆ ಸಿಗುವುದು ಅಲ್ಪ. ಅದು ಹಿಂದಿನ ಕೋಣೆಯಲ್ಲಿ ಬ್ಯಾಂಕಿನ ಕೆಲಸಕ್ಕೆ, ಏಜ್ ಆಫ್ ಎಂಪೈರ್ಸಿಗೆ, ಬಸ್ಸಿಗೆ ಉಳಿದಿದೆ. ಇನ್ನು ಅದಕ್ಕೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ ಎಂದು ಭಾವ ನಿರ್ಧರಿಸಿದ್ದಾರೆ. ಇದು ನನಗೆ ಸರಿ ಕಂಡ ಭಾಗ. ಎರಡು ಯಂತ್ರ ಇಟ್ಟುಕೊಂಡವರು ಎರಡಕ್ಕೂ ದುಡ್ಡು ಸುರಿದು ಕೈಸುಟ್ಟುಕೊಳ್ಳುವುದನ್ನು ನೋಡಿದ್ದೇನೆ.

ಹಳೆಯ ಕಾರ್ಡಿನಲ್ಲಿ ಮುಗ್ಗರಿಸುತ್ತಿದ್ದ ಕೌಂಟರ್-ಸ್ಟ್ರೈಕ್ ಬಿಟ್ಟರು. ಬೆಂಗಳೂರಿನ ಗೆಳೆಯನ ಜೊತೆ ವಾರಕ್ಕೆರಡು ರಾತ್ರಿ ಆಡುತ್ತಿದ್ದ ಆಟ ನಿಂತಿತು. ಈ ನಷ್ಟವನ್ನು ಸಣ್ಣದು ಮಾಡಿ ಬರೆಯಲು ನನಗೆ ಮನಸ್ಸಿಲ್ಲ. ಆ ಗೆಳೆಯ ಫುಟ್‌ಬಾಲ್ ಆಡುವವರಲ್ಲ, ಕನ್ಸೋಲ್ ಕೊಳ್ಳುವವರೂ ಅಲ್ಲ. ಭಾವ ಈಗ ಭಾನುವಾರ ಅವರಿಗೆ ಫೋನ್ ಮಾಡುತ್ತಾರೆ. ಆಡುತ್ತಾ ಆಡುತ್ತಾ ಬರುತ್ತಿದ್ದ ಮಾತು ಫೋನಿನಲ್ಲಿ ಬರುವುದಿಲ್ಲ ಎಂದು ಒಮ್ಮೆ ಹೇಳಿದರು.

ನಾನು ಮೊದಲ ರಾತ್ರಿ ಹೇಳಿದಂತೆ 80,000 ಹಾಕಿ ಪಿಸಿ ಹೊಸದು ಮಾಡಿದ್ದರೆ ಆಟ ಚೆನ್ನಾಗಿ ಓಡುತ್ತಿತ್ತು, ಕೌಂಟರ್-ಸ್ಟ್ರೈಕೂ ಉಳಿಯುತ್ತಿತ್ತು. ಮೂರನೇ ಸಾಲು ಕಿರಿದಾಗುತ್ತಿತ್ತು. ನಾಲ್ಕನೇ ಸಾಲು ಹಾಗೆಯೇ ಇರುತ್ತಿತ್ತು. ಯಾರಾದರೂ ಮದುವೆಯಾಗದ, ಹಾಸ್ಟೆಲಿನಲ್ಲಿರುವ, ಮೌಸಿನ ಆಟವನ್ನೇ ಆಡುವ ಹುಡುಗ ಬಂದು ಇದೇ ಪ್ರಶ್ನೆ ಕೇಳಿದರೆ ನಾನು ಈಗಲೂ ಪಿಸಿ ಬಿಡಬೇಡ ಎಂದೇ ಹೇಳುತ್ತೇನೆ.

ಏಪ್ರಿಲಿನ ಮೊದಲ ಗುಡುಗಿನ ಸಂಜೆ ನಾನು ಅವರ ಮನೆಯಲ್ಲಿದ್ದೆ. ಅಪ್ಪ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಮಗಳು ಆಟ ಉಳಿಸಿ, ಆಫ್ ಮಾಡಿ, ಪೆಟ್ಟಿಗೆಯ ಬೆಳಕು ಆರುವವರೆಗೆ ಕಾದು, ಪ್ಲಗ್ ತೆಗೆದಳು. ಆಮೇಲೆ ಟಿವಿಯ ಹಿಂದೆ ಕೈ ಹಾಕಿ ಎಚ್‌ಡಿಎಂಐ ವಯರನ್ನೂ ಎಳೆದು ಗೋಡೆಯ ಮೊಳೆಗೆ ನೇತುಹಾಕಿದಳು. "ಮಾವ, ಡಿಶ್ಶಿಂದು ನಿಮಗೆ ಎಟಕ್ತದಲ್ಲ, ಅದನ್ನು ನೀವು ತೆಗೀರಿ" ಅಂದಳು.